ನಾಲ್ಕು ಬಾಗಿಲು ಹಾಕಿದ ಮೇಲೆ

ನಮ್ಮ ಹಳೆಯ ಅಂಬಾಸಿಡರಿಗೆ ಮ್ಯೂಸಿಕ್ ಸಿಸ್ಟಮ್ ಹಾಕಿಸುತ್ತೇನೆ ಎಂದು ಮಗಳು ಹೇಳಿದಾಗ ನಾನು ಸಾರನ್ನ ಕಲಸುತ್ತಿದ್ದೆ. ಕೈ ತಟ್ಟೆಯಲ್ಲೇ ನಿಂತಿತು. "ಬೇಡ" ಎಂದೆ, ಕಡ್ಡಿ ಮುರಿದ ಹಾಗೆ. ಯಾಕೆ ಬೇಡ ಎಂದು ಅವಳು ಕೇಳಿದಳು. ನಾನು ಮಜ್ಜಿಗೆ ಪಾತ್ರೆಗೆ ಕೈ ಚಾಚಿದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಎಲ್ಲರೂ ಎಂದರೆ ಹೆಂಡತಿ, ಮಗಳು, ಇಬ್ಬರೇ. ಆ ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು.

"ರಿಟೈರ್‌ಮೆಂಟ್ ಗಿಫ್ಟ್ ಹೈ ಪಾಪಾ, ಮನಾ ನಹೀ ಕರ್ ಸಕ್ತೇ" ಎಂದಳು ಮಗಳು. ನಿವೃತ್ತಿಯ ಉಡುಗೊರೆ, ಬೇಡ ಎನ್ನುವ ಹಾಗಿಲ್ಲ ಅಂತ.

ನನಗೆ ಯಾಕೆ ಬೇಡ ಎನ್ನುವುದು ಆ ಹಿಂದಿಯಲ್ಲೇ, ಆ 'ಪಾಪಾ'ದಲ್ಲೇ ಇತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ ನಗುತ್ತಾಳೆ. ಎರಡು ತಿಂಗಳಲ್ಲಿ ಮದುವೆಯಾಗಿ ಹೋಗುವ ಹುಡುಗಿ, ಆಸೆಪಟ್ಟು ಏನೋ ಕೊಡಿಸುತ್ತೇನೆ ಎನ್ನುತ್ತಾಳೆ. ಬಾಯಲ್ಲಿಟ್ಟ ಬಿಸಿ ತುಪ್ಪ ಅದು, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ನಾನು ಕೆಲಸ ಮಾಡಿದ್ದು ಮಾನೇಸರಿನ ಒಂದು ಕಾರ್ಖಾನೆಯಲ್ಲಿ. ಕಾರಿನ ಹೊಟ್ಟೆಯೊಳಗೆ ಓಡಾಡುವ ವೈರುಗಳನ್ನೆಲ್ಲ ಜಡೆ ಹೆಣೆದ ಹಾಗೆ ಹೆಣೆದು, ಟೇಪು ಸುತ್ತಿ, ಕಾರು ಮಾಡುವವರಿಗೆ ಕಳಿಸುವುದು ಅಲ್ಲಿಯ ಕಸುಬು. ಮನೆ ಮಾಡಿದ್ದು ಘಾಜಿಯಾಬಾದಿನಲ್ಲಿ, ನಮ್ಮ ಕೈಗೆಟಕುವ ಫ್ಲ್ಯಾಟು ಸಿಕ್ಕಿದ್ದು ಅಲ್ಲೇ. ನಕ್ಷೆಯಲ್ಲಿ ನೋಡಿದರೆ ಒಂದು ಈ ತುದಿ, ಇನ್ನೊಂದು ಆ ತುದಿ, ನಡುವೆ ಇಡೀ ದಿಲ್ಲಿ. ಮಗಳು ಏಳುವ ಮೊದಲೇ ಕಂಪನಿ ಬಸ್ಸು ನನ್ನನ್ನು ಎತ್ತಿಕೊಂಡು ಹೋಗುತ್ತಿತ್ತು, ಅವಳು ಮಲಗಿದ ಮೇಲೆ ತಂದು ಬಿಡುತ್ತಿತ್ತು. ನನ್ನ ಪಾಲಿಗೆ ಮಗಳೆಂದರೆ ಭಾನುವಾರ.

ಅವಳು ಮಾತು ಕಲಿತದ್ದು ಕನ್ನಡದಲ್ಲೇ. ನರ್ಸರಿಗೆ ಸೇರಿದ್ದೇ ತಡ, ಹಿಂದಿಗೆ ಜಿಗಿದಳು. ಶಾಲೆ ಹಿಂದಿ, ಪಕ್ಕದ ಮನೆ ಹಿಂದಿ, ಕೆಲಸದವಳು ಹಿಂದಿ, ಟೀವಿ ಹಿಂದಿ. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಒಂದು ಭಾನುವಾರ ಎದ್ದು ನೋಡುತ್ತೇನೆ, ನಾನು 'ಅಪ್ಪ' ಹೋಗಿ 'ಪಾಪಾ' ಆಗಿದ್ದೆ. ಯಾರೂ ನನ್ನನ್ನು ಕೇಳಿರಲಿಲ್ಲ.

ಕಾರು ಬಂದದ್ದು ಅದೇ ಸುಮಾರಿಗೆ. ದಿಲ್ಲಿಯ ಮುನಿರ್ಕಾದಲ್ಲಿದ್ದ ನಮ್ಮ ಕಡೆಯ ಪ್ರೊಫೆಸರೊಬ್ಬರು ನಿವೃತ್ತಿಯಾಗಿ ಊರಿಗೆ ಹೊರಟಿದ್ದರು. ಅಷ್ಟು ಹೊತ್ತಿಗಾಗಲೇ ಮುಪ್ಪಾಗಿದ್ದ ಅವರ ಬಿಳಿ ಅಂಬಾಸಿಡರನ್ನು ನಾನು ಕೊಂಡೆ. ಕೀಲಿ ಕೊಡುವಾಗ ಅವರು, "ನೋಡಪ್ಪಾ, ಈ ಕಾರಿನೊಳಗೆ ನಾವು ಮನೆಮಾತು ಬಿಟ್ಟು ಬೇರೆ ಆಡಿಲ್ಲ. ನನ್ನ ಮಕ್ಕಳ ಕನ್ನಡ ಉಳಿದಿದ್ದೇ ಇದರಲ್ಲಿ" ಎಂದರು. ಮಾರುವವರು ಮೈಲೇಜಿನ ಬಗ್ಗೆ ಸುಳ್ಳು ಹೇಳುವುದನ್ನು ಕೇಳಿದ್ದೆ, ಇಂಥ ಮಾತು ಕೇಳಿರಲಿಲ್ಲ. ಮನೆಗೆ ಬಂದ ಮೊದಲ ಭಾನುವಾರವೇ ಕಾನೂನು ಜಾರಿಗೆ ತಂದೆ: ನಾಲ್ಕು ಬಾಗಿಲು ಹಾಕಿದ ಮೇಲೆ ಕನ್ನಡ ಮಾತ್ರ.

ಅಂಬಾಸಿಡರಿನ ಬಾಗಿಲು ನಯವಾಗಿ ತಳ್ಳಿದರೆ ಮುಚ್ಚುವಂಥದ್ದಲ್ಲ. ಸಿಟ್ಟು ಬಂದವರ ಹಾಗೆ ಎಳೆದು ಬಡಿಯಬೇಕು. ನಾಲ್ಕೂ ಬಡಿದಾದ ಮೇಲೆ ನಾನು ಹಿಂದೆ ತಿರುಗಿ, "ಎಲ್ಲ ಬಾಗಿಲೂ ಹಾಕಾಯ್ತಾ?" ಎಂದು ಕೇಳುತ್ತಿದ್ದೆ. ಅವಳು ತನ್ನ ಬಾಗಿಲನ್ನು ಒಮ್ಮೆ ದಬ್ಬಿ ನೋಡಿ, "ಹಾಕಾಯ್ತು ಅಪ್ಪ" ಎನ್ನುತ್ತಿದ್ದಳು. ಅಲ್ಲಿಗೆ ಶುರು. ಹಿಂದಿಯಲ್ಲಿ ಹೇಳಲೇಬೇಕಾದ ಅವಸರದ ಮಾತು ಬಂದರೆ, ಕಾರು ನಿಂತಿದ್ದಾಗ, ಬಾಗಿಲು ತೆಗೆದು ತಲೆ ಹೊರಗೆ ಹಾಕಿ ಹೇಳಬಹುದಿತ್ತು. ಇದು ಅವಳೇ ಕಂಡುಹಿಡಿದ ಉಪಾಯ. ಪಾರ್ಕಿಂಗಿನ ಕಂಬಕ್ಕೆ "ಪಾಪಾ ಬಹುತ್ ಬೋರ್ ಕರ್ತೇ ಹೈಂ" ಎಂದು, ಪಾಪಾ ತುಂಬ ಬೋರು ಹೊಡೆಸುತ್ತಾರೆ ಅಂತ, ಚಾಡಿ ಹೇಳಿ, ತಲೆ ಒಳಗೆಳೆದುಕೊಂಡು, ಧಡಾರನೆ ಬಾಗಿಲು ಬಡಿದು, "ಹೋಗೋಣ ಅಪ್ಪ" ಎನ್ನುವಳು. ಹೊರಗೆ ಪಾಪಾ, ಒಳಗೆ ಅಪ್ಪ. ವಾರದಲ್ಲಿ ನಾನು ಅಪ್ಪನಾಗಿರುತ್ತಿದ್ದುದು ಆ ಎರಡು ಮೂರು ತಾಸು ಮಾತ್ರ. ಆ ತಾಸುಗಳಿಗಾಗಿ ಉಳಿದ ಆರು ದಿನದ ಬಸ್ಸನ್ನು ಸಹಿಸುತ್ತಿದ್ದೆ.

ಅವಳ ಕನ್ನಡವೋ, ದೇವರಿಗೇ ಪ್ರೀತಿ. 'ಅವರು ಒಳ್ಳೆಯವರು ಇದ್ದಾರೆ', 'ನಂಗೆ ಭೂಖ್ ಆಗಿದೆ', ಅಂದರೆ ಹಸಿವಾಗಿದೆ. ಆದರೆ ಅದರಲ್ಲೊಂದು ಲಾಭವಿತ್ತು. ಹಿಂದಿಯಲ್ಲಾದರೆ ಅವಳು ಸುತ್ತಿ ಬಳಸಿ ಏನು ಬೇಕಾದರೂ ಮುಚ್ಚಿಡಬಲ್ಲಳು. ಕನ್ನಡದಲ್ಲಿ ಮುಚ್ಚಿಡುವಷ್ಟು ಮಾತು ಅವಳ ಬಳಿ ಇರಲಿಲ್ಲ. ಇದ್ದದ್ದು ಇದ್ದ ಹಾಗೆ ಬರುತ್ತಿತ್ತು. ಗೆಳತಿ ಮಾತು ಬಿಟ್ಟದ್ದು, ಲೆಕ್ಕದಲ್ಲಿ ಫೇಲಾದದ್ದು, ಮುಂದೆ ದೊಡ್ಡವಳಾದ ಮೇಲೆ ಹರಿಯಾಣದ ಹುಡುಗನೊಬ್ಬ ಇಷ್ಟವಾದದ್ದು, ಎಲ್ಲ ನನಗೆ ಗೊತ್ತಾದದ್ದು ಆ ಸೀಟಿನಲ್ಲೇ.

ಕಾರಿನಲ್ಲಿ ಒಂದು ರೇಡಿಯೊ ಇತ್ತು, ಪ್ರೊಫೆಸರರ ಕಾಲದಲ್ಲೇ ಸತ್ತಿತ್ತು. ನಾನು ವೈರಿನವನು, ಒಂದು ಮಧ್ಯಾಹ್ನ ಕೂತಿದ್ದರೆ ಸರಿಯಾಗುತ್ತಿತ್ತು. ಕೂರಲಿಲ್ಲ. ರೇಡಿಯೊ ಬಾಯಿ ಬಿಟ್ಟರೆ ಮಗಳು ಬಾಯಿ ಮುಚ್ಚುತ್ತಾಳೆ ಎಂಬ ಭಯ ನನಗೆ. ಎಲ್ಲರ ಕಾರುಗಳಲ್ಲೂ ನೋಡಿದ್ದೇನೆ, ಹಾಡು ಹಚ್ಚಿ ಒಬ್ಬೊಬ್ಬರು ಒಂದೊಂದು ಕಿಟಕಿ ಹಿಡಿದು ಕೂತಿರುತ್ತಾರೆ.

ಆಮೇಲೆ ದಿಲ್ಲಿ ಸುತ್ತಮುತ್ತ ಹಳೆಯ ಕಾರುಗಳು ರಸ್ತೆಗಿಳಿಯಬಾರದು ಎಂದಾಯಿತು. ನಮ್ಮದನ್ನು ಹೊದಿಕೆ ಹೊದಿಸಿ ಪಾರ್ಕಿಂಗಿನಲ್ಲಿ ನಿಲ್ಲಿಸಿದೆ. ಗುಜರಿಗೆ ಹಾಕಿ ಎಂದವರು ಬಹಳ ಜನ. ಭಾನುವಾರ ಮಾತ್ರ ನಿಲ್ಲಲಿಲ್ಲ. ಹೊದಿಕೆ ಸರಿಸಿ, ಫ್ಲಾಸ್ಕಿನಲ್ಲಿ ಕಾಫಿ ತಂದು, ನಿಂತ ಕಾರಿನಲ್ಲೇ ಬಾಗಿಲು ಹಾಕಿಕೊಂಡು ಕೂರುತ್ತಿದ್ದೆವು. ಸೊಸೈಟಿಯ ಗಾರ್ಡು ಮೊದಮೊದಲು ಕಿಟಕಿ ತಟ್ಟಿ, ಎಲ್ಲ ಸರಿಯಾಗಿದೆಯಾ ಎಂದು ವಿಚಾರಿಸುತ್ತಿದ್ದ. ಕಡೆಗೆ ಅವನಿಗೂ ರೂಢಿಯಾಯಿತು. ಕಾರಿಗೆ ಐವತ್ತು ದಾಟಿದ ಮೇಲೆ, ಅಪರೂಪದ ಹಳೆಯ ಕಾರೆಂದು ವಿಂಟೇಜ್ ನಂಬರು ಸಿಕ್ಕಿತು. ವಿಂಟೇಜನ್ನು ದಿನಾ ಓಡಿಸುವಂತಿಲ್ಲ. ಪೆಟ್ರೋಲ್ ಹಾಕಿಸಲು, ರಿಪೇರಿಗೆ, ಇಂಥದ್ದಕ್ಕೆ ಹೋಗಬಹುದು. ಹಾಗಾಗಿ ಪ್ರತಿ ಭಾನುವಾರ ನಾವು ಪೆಟ್ರೋಲ್ ಹಾಕಿಸಲು ಹೋಗುತ್ತಿದ್ದೆವು. ದೂರದ ಬಂಕಿನ ಪೆಟ್ರೋಲೇ ಒಳ್ಳೆಯದು ಎಂದು ನನ್ನ ನಂಬಿಕೆ.

ಇಂಥ ಕಾರಿಗೆ ಮ್ಯೂಸಿಕ್ ಸಿಸ್ಟಮ್ಮು. ನಿಜವಾದ ಕಾರಣ ಹೇಳಲಾಗದವನು ನೂರು ಕಾರಣ ಹೇಳುತ್ತಾನೆ, ನಾನೂ ಹೇಳಿದೆ. ಹಳೆಯ ಡೈನಮೊ ಅಷ್ಟು ಕರೆಂಟು ಕೊಡುವುದಿಲ್ಲ ಎಂದೆ. ಆಲ್ಟರ್ನೇಟರ್ ಹಾಕಿಸೋಣ ಎಂದಳು. ವಿಂಟೇಜ್ ಕಾರಿನ ತಗಡು ಕತ್ತರಿಸುವಂತಿಲ್ಲ ಎಂದೆ. ಕತ್ತರಿಸದೆ ಮಾಡುವವನೊಬ್ಬ ಕರೋಲ್ ಬಾಗಿನಲ್ಲಿದ್ದಾನೆ ಎಂದಳು. "ಎಸಿ ಇಲ್ಲ, ಫ್ಯಾನ್ ಕೂಡ ಇಲ್ಲದ ಕಾರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವಂತೆ" ಎಂದೆ. ಗಾದೆ ಅವಳಿಗೆ ಅರ್ಥವಾಗಲಿಲ್ಲ. ಅವಳಮ್ಮನಿಗಾಯಿತು. "ಹೂ ಮುಡಿಸ್ತೀನಿ ಅಂತ ಮಗಳೇ ಅಂದ್ರೆ ಜುಟ್ಟು ಬಗ್ಗಿಸ್ಬೇಕ್ರೀ" ಎಂದಳು. ಬಗ್ಗಿಸಿದೆ.

ಕರೋಲ್ ಬಾಗಿನ ಆ ಅಂಗಡಿಯವನನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಭಾರಿ ಆಳು, ಮೀಸೆಯೂ ಭಾರಿ, ಜಂಬ ಅದಕ್ಕಿಂತ ಭಾರಿ. ನಮ್ಮ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಬಾನೆಟ್ಟಿನ ಮೇಲೆ ಕೈಯಿಟ್ಟು, "ಅಂಕಲ್‌ಜೀ, ಈ ಮುದುಕಿಯನ್ನು ನಾನು ಕುಣಿಸುತ್ತೇನೆ" ಎಂದು ಹಿಂದಿಯಲ್ಲಿ ಹೇಳಿದ. ಮುದುಕಿ ಎಂದದ್ದಕ್ಕೆ ನನಗೆ ರೇಗಿತು. ಚಾವಣಿಗೆ ನೀಲಿ ದೀಪದ ಸಾಲು ಹಾಕುತ್ತೇನೆಂದ, ಹಾರ್ನಿಗೆ ಆನೆಯ ಘೀಳು ಹಾಕುತ್ತೇನೆಂದ. ಒಂದೊಂದಕ್ಕೂ ನಾನು ಬೇಡ ಎಂದೆ. ಮುಂದಿನ ಸೀಟಿನ ಬೆನ್ನಿಗೆ ಒಂದು ಟೀವಿ ಪರದೆ ಕಟ್ಟಿಕೊಡುತ್ತೇನೆ, ಆಂಟೀಜಿ ಹಿಂದೆ ಕೂತು ನಾಟಕ ನೋಡಬಹುದು ಎಂದ. ನಾನು ಬೇಡ ಎನ್ನುವುದರೊಳಗೆ ಆಂಟೀಜಿ, ಅಂದರೆ ನನ್ನ ಹೆಂಡತಿ, "ಹಾಂ ಭಯ್ಯಾ" ಎಂದುಬಿಟ್ಟಳು. ಊರಿನ ಧಾರಾವಾಹಿಗಳನ್ನು ಫೋನಿನಲ್ಲಿ ನೋಡಿ ನೋಡಿ ಕಣ್ಣು ಕಿರಿದಾಗಿವೆಯಂತೆ.

ಕೆಲಸಗಾರ ಒಳ್ಳೆಯವನು, ಸುಳ್ಳು ಹೇಳಬಾರದು. ಹೊಸ ಯಂತ್ರವನ್ನು ಡ್ಯಾಶ್‌ಬೋರ್ಡಿನ ಗೂಡಿನೊಳಗೆ ಅಡಗಿಸಿದ, ಮುಚ್ಚಳ ಹಾಕಿದರೆ ಏನೂ ಕಾಣದು. ಸ್ಪೀಕರುಗಳಿಗೆ ಮರದ ಪೆಟ್ಟಿಗೆ ಮಾಡಿ ಮುಂದಿನ ಉದ್ದ ಸೀಟಿನ ಕೆಳಗೆ ತೂರಿಸಿದ. ಹಿಂದಿನ ಗಾಜಿನ ಅಡಿಯ ಹಲಗೆ ತೆಗೆದು ಜೋಪಾನವಾಗಿ ನನ್ನ ಕೈಗಿತ್ತು, ಅದೇ ಅಳತೆಯ ಬೇರೆ ಹಲಗೆ ಕೊಯ್ದು ಅದರಲ್ಲಿ ಇನ್ನೆರಡು ಸ್ಪೀಕರ್ ಕೂರಿಸಿದ. ಶಬ್ದಕ್ಕೆ ಬಲ ಕೊಡುವ ಆಂಪ್ಲಿಫೈಯರ್ ಡಿಕ್ಕಿಯಲ್ಲಿ, ಸ್ಟೆಪ್ನಿಯ ಹಿಂದೆ. ವೈರಿನ ವಿಷಯಕ್ಕೆ ಬಂದಾಗ ಮಾತ್ರ ನನಗೂ ಅವನಿಗೂ ಹತ್ತಿಕೊಂಡಿತು. ಅವನು ಎಳೆದು ಟೇಪು ಸುತ್ತುವವನು, ನಾನು ಜೀವಮಾನವಿಡೀ ಹೆಣೆದವನು. "ಇದು ವೈರಿಂಗೋ ನೂಡಲ್ಸೋ?" ಎಂದೆ. ಅವನು ಸ್ಪ್ಯಾನರ್ ಕೆಳಗಿಟ್ಟು, "ಹಾಗಾದರೆ ನೀವೇ ಮಾಡಿ" ಎಂದ. ನಾನು ತೋಳು ಮಡಚಿ ಕೂತೇಬಿಟ್ಟೆ. ಸಂಜೆಯ ಚಹಾ ಹೊತ್ತಿಗೆ ಇಬ್ಬರೂ ಒಂದೇ ಸೀಟಿನ ಕೆಳಗೆ ತಲೆ ತೂರಿಸಿ, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ, ಸುಖವಾಗಿದ್ದೆವು.

ಮಗಳು ಎಲ್ಲದಕ್ಕೂ ಹೂಂ ಹೂಂ ಎನ್ನುತ್ತಿದ್ದವಳು ಒಂದಕ್ಕೆ ಮಾತ್ರ ಹಟ ಹಿಡಿದಳು. ಫೋನಿನಲ್ಲಿ ಮಾತಾಡಲು ಒಂದು ಪುಟ್ಟ ಮೈಕು ಬರುತ್ತದೆ. ಉಸ್ತಾದ್ ಅದನ್ನು ಗಾಜಿನ ಮೂಲೆಗೆ ಅಂಟಿಸಿದ್ದ. ಕೀಳಿಸಿ, ನನ್ನ ಸೀಟಿನ ನೇರಕ್ಕೆ ಚಾವಣಿಯ ಹತ್ತಿರ ಹಾಕಿಸಿದಳು. ನನ್ನನ್ನು ಕೂರಿಸಿ, ಮಾತಾಡಿಸಿ, ಇನ್ನೂ ಸ್ವಲ್ಪ ಕೆಳಗೆ ಎಂದಳು. "ಗಾಡಿ ಓಡಿಸೋವಾಗ ನಾನು ಫೋನಲ್ಲಿ ಮಾತಾಡೋ ಪೈಕಿ ಅಲ್ಲ" ಎಂದು ಗೊಣಗಿದೆ. "ಫಿರ್ ಭೀ ಪಾಪಾ" ಎಂದಳು, ಆದರೂ ಇರಲಿ ಅಂತ. ಅದರ ಬಗ್ಗೆ ನಾನು ಮತ್ತೆ ಯೋಚಿಸಲಿಲ್ಲ.

ಅಲ್ಲಿಂದ ಘಾಜಿಯಾಬಾದಿಗೆ ವಾಪಸು ಬಂದ ದಾರಿ ನೆನಪಿದೆ. ನಾಲ್ಕು ಬಾಗಿಲು ಬಡಿದೆವು. ಎಲ್ಲ ಹಾಕಾಯ್ತಾ ಎಂದು ನಾನು ಕೇಳುವಷ್ಟರಲ್ಲಿ ಹಾಡು ಶುರುವಾಗಿತ್ತು. ಶಬ್ದ ಚೆನ್ನಾಗಿತ್ತು, ಅದೂ ಸುಳ್ಳು ಹೇಳಬಾರದು. ತಬಲ ಬಾರಿಸಿದರೆ ಬೆರಳು ಕಂಡ ಹಾಗೆ. ಹಿಂದೆ ಹೆಂಡತಿ ಪರದೆಗೆ ಕಣ್ಣು ನೆಟ್ಟಿದ್ದಳು. ಮಗಳು ಪಕ್ಕದಲ್ಲಿ ಕಾಲು ಮಡಚಿ ಕೂತು ಒಂದಾದ ಮೇಲೊಂದು ಹಾಡು ಬದಲಿಸುತ್ತ, ತೊಡೆ ತಟ್ಟುತ್ತ, ಗುನುಗುತ್ತ ಬಂದಳು. ಯಮುನೆ ದಾಟಿತು, ಮಾತಿಲ್ಲ. ಮನೆ ಹತ್ತಿರ ಬಂದಾಗ ನನ್ನ ಕಡೆ ತಿರುಗಿ, ಮುಖ ಅರಳಿಸಿಕೊಂಡು, "ಪಾಪಾ, ಬೇಸ್ ಸುನಾ?" ಎಂದಳು, ಆ ದಪ್ಪ ಸದ್ದು ಕೇಳಿಸಿತಾ ಅಂತ.

ಬಾಗಿಲು ಹಾಕಿದ ಕಾರಿನೊಳಗೆ ಅವಳು ನನ್ನನ್ನು ಪಾಪಾ ಎಂದದ್ದು ಅದೇ ಮೊದಲು. ಅವಳಿಗೆ ಗೊತ್ತೇ ಆಗಲಿಲ್ಲ. "ಚೆನ್ನಾಗಿದೆ ಮರಿ" ಎಂದೆ.

ಮದುವೆಗೆ ಉಳಿದಿದ್ದ ಭಾನುವಾರಗಳು ಬೆರಳೆಣಿಕೆಯಷ್ಟು. ಅವನ್ನೂ ಹಾಡು ತಿಂದುಹಾಕುತ್ತದೆ ಎಂದು ಹೊಟ್ಟೆ ಉರಿಯಿತು. ಮಾರನೆಯ ದಿನ ಮಗಳು ಆಫೀಸಿಗೆ ಹೋದ ಮೇಲೆ ಟೂಲು ಪೆಟ್ಟಿಗೆ ಹಿಡಿದು ಪಾರ್ಕಿಂಗಿಗೆ ಇಳಿದೆ. ಬಾಗಿಲು ತೆಗೆದರೆ ಕಾರಿನೊಳಗಿನ ದೀಪ ಹತ್ತುತ್ತದೆ, ಮುಚ್ಚಿದರೆ ಆರುತ್ತದೆ. ಬಾಗಿಲಿನ ಚೌಕಟ್ಟಿನಲ್ಲಿರುವ ಒಂದು ಪುಟ್ಟ ಗುಂಡಿಯ ಕೆಲಸ ಅದು. ಮಗಳು ಚಿಕ್ಕವಳಿದ್ದಾಗ ಬಾಗಿಲು ಸರಿಯಾಗಿ ಹಾಕಿದ್ದಾಳೋ ಇಲ್ಲವೋ ತಿಳಿಯಲೆಂದು ನಾನೇ ನಾಲ್ಕೂ ಬಾಗಿಲಿಗೆ ಆ ಗುಂಡಿ ಕೂರಿಸಿದ್ದೆ. ಈಗ ಆಂಪ್ಲಿಫೈಯರನ್ನು ಎಬ್ಬಿಸುವ ತೆಳು ವೈರನ್ನು ತಂದು ಅದೇ ಗುಂಡಿಗೆ ಸೇರಿಸಿದೆ. ಇನ್ನು ಯಾವುದಾದರೂ ಬಾಗಿಲು ತೆರೆದಿದ್ದರೆ ಸ್ಪೀಕರು ಹಾಡುತ್ತದೆ. ನಾಲ್ಕೂ ಮುಚ್ಚಿದವೋ, ಗಪ್‌ಚುಪ್.

ಕೆಲಸ ಮುಗಿಸಿ ಬಾಗಿಲು ತೆಗೆದೆ, ಹಾಡು. ಹಾಕಿದೆ, ಮೌನ. ತೆಗೆದೆ, ಹಾಕಿದೆ. ನಿವೃತ್ತಿಯಾದ ಮೇಲೆ ಅಷ್ಟು ಖುಷಿಯಾದದ್ದು ಅದೇ ಮೊದಲು.

ಮುಂದಿನ ಭಾನುವಾರ ಬಾಗಿಲು ಬಡಿಯುತ್ತಿದ್ದಂತೆ ಹಾಡು ಸತ್ತಿತು. ಮಗಳು ಗುಂಡಿಗಳನ್ನೆಲ್ಲ ಒತ್ತಿದಳು. ಹಿಂದಿನಿಂದ ಹೆಂಡತಿ, "ಅಯ್ಯೋ, ನನ್ನ ಧಾರಾವಾಹೀಲಿ ಎಲ್ಲರೂ ಮೂಕರಾಗ್ಬಿಟ್ರು" ಎಂದಳು. "ಲೂಸ್ ಕನೆಕ್ಷನ್ ಇರಬೇಕು. ಆ ಉಸ್ತಾದನ ವೈರಿಂಗ್ ನೋಡಿದೆಯಲ್ಲ" ಎಂದೆ, ಮುಖ ಗಂಟು ಹಾಕಿಕೊಂಡು. ಮಗಳು ಅಲ್ಲೇ ಉಸ್ತಾದನಿಗೆ ಫೋನು ಮಾಡಿ ದಬಾಯಿಸಿದಳು. ಅವನು ಬಂದೇ ಬಿಡುತ್ತೇನೆಂದ. ಬೇಡ, ನಾನೇ ನೋಡಿಕೊಳ್ಳುತ್ತೇನೆ ಎಂದು ಫೋನು ಕಸಿದುಕೊಂಡೆ. ಪಾಪ, ಅವನ ಹೆಸರು ಕೆಡಿಸಿದ್ದಕ್ಕೆ ಆಮೇಲೆ ಒಂದು ದಿನ ಅಂಗಡಿಗೆ ಹೋಗಿ ನಿಜ ಹೇಳಿದೆ. ಮೊದಲು ಕಣ್ಣು ಕೆಂಪು ಮಾಡಿದ. ಆಮೇಲೆ ಮೀಸೆ ಕುಣಿಯುವ ಹಾಗೆ ನಕ್ಕು, "ದಿಲ್ಲಿಯೆಲ್ಲ ಬಾಗಿಲು ಮುಚ್ಚಿ ಹಾಡು ಕೇಳುತ್ತದೆ, ನೀವೊಬ್ಬರು ಬಾಗಿಲು ಮುಚ್ಚಿ ಹಾಡು ನಿಲ್ಲಿಸುತ್ತೀರಿ" ಎಂದು ಚಹಾ ತರಿಸಿದ.

ಆ ಭಾನುವಾರ ಹಾಡಿಲ್ಲದೆ ಹೊರಟೆವು. ಸ್ವಲ್ಪ ಹೊತ್ತು ಮಗಳು ಮುಖ ಊದಿಸಿಕೊಂಡಿದ್ದಳು. ಆಮೇಲೆ ತಾನಾಗಿ ಮಾತಿಗೆ ಬಂದಳು.

"ಅಪ್ಪ, ಅವರ ಮನೇಲಿ ಎಲ್ಲರೂ ಒಳ್ಳೆಯವರು ಇದ್ದಾರೆ."

"ಗೊತ್ತು ಮರಿ."

ಗೊತ್ತಿತ್ತು. ಹುಡುಗನಂತೂ ಬಂಗಾರ. ಮೊದಲ ಸಲ ನಮ್ಮ ಕಾರಿಗೆ ಹತ್ತಿದಾಗ ಮಗಳು ಅವನಿಗೆ ಕಾನೂನು ಹೇಳಿದ್ದಳು. ಅವನಿಗೆ ಕನ್ನಡ ಬಾರದು. ಹಾಗಾಗಿ ಹೋಗಿ ಬರುವ ತನಕ ತುಟಿ ಬಿಚ್ಚದೆ, ನಗುತ್ತ ಕೂತಿದ್ದ. ಮಾತಾಡದೆ ನನ್ನ ಮನಸ್ಸು ಗೆದ್ದವನು ಅವನೊಬ್ಬನೇ. ಅವರ ಮನೆ ಇದ್ದದ್ದು ಮಾತ್ರ ಮಾನೇಸರಿನ ಹತ್ತಿರ. ಯಾವ ಊರು ನನ್ನನ್ನು ವಾರವಿಡೀ ಮಗಳಿಂದ ದೂರ ಇಟ್ಟಿತ್ತೋ, ಮಗಳು ಈಗ ಅಲ್ಲಿಗೇ ಹೊರಟಿದ್ದಳು.

"ಆದ್ರೆ ಅಪ್ಪ, ನಂಗೆ ಸಿಟ್ಟು ಬರೋದು ಕನ್ನಡದಲ್ಲಿ. ಹಿಂದೀಲಿ ಸಿಟ್ಟು ಮಾಡಿದ್ರೆ ಝಗಡಾ ಆಗತ್ತೆ. ಅಲ್ಲಿ ನಾನು ಯಾರ ಹತ್ರ ಸಿಟ್ಟು ಮಾಡ್ಲಿ?"

ಹಿಂದೆ ಹೆಂಡತಿ, "ಅಪ್ಪನ ಆಸ್ತಿ ಅದೊಂದೇ ಬಂದಿರೋದು ನಿಂಗೆ" ಎಂದಳು. ಮೂವರೂ ನಕ್ಕೆವು. ನನ್ನ ವೈರು ಸಾರ್ಥಕವಾಯಿತು ಎಂದುಕೊಂಡೆ. ಹಾಡು ಇದ್ದಿದ್ದರೆ ಈ ಮಾತು ಹೊರಗೆ ಬರುತ್ತಿರಲಿಲ್ಲ.

ಮದುವೆಯಾಯಿತು. ಕಳಿಸಿಕೊಡುವ ಹೊತ್ತಿಗೆ ಅವರ ಕಡೆಯ ಬ್ಯಾಂಡು, ಜನ, ಹೂವು, ಎಲ್ಲರ ಎದುರಿಗೆ ನನ್ನನ್ನು ತಬ್ಬಿಕೊಂಡು, "ಪಾಪಾ" ಎಂದು ಅತ್ತಳು. ನನಗೂ ಅಳು ಬಂತು. ಒಂದು ಸಲ, ಒಂದೇ ಒಂದು ಸಲ, ಅಪ್ಪ ಎನ್ನಲಿ ಎಂದು ಕಾದೆ. ಅಷ್ಟರಲ್ಲಿ ಯಾರೋ ಅವಳನ್ನು ಹೂವಿನ ಕಾರಿಗೆ ಹತ್ತಿಸಿದರು. ಅದರ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು, ಹೊಸ ಕಾರು.

ಮೊದಲ ಭಾನುವಾರ ಬಂತು. ಪೆಟ್ರೋಲ್ ಹಾಕಿಸಲು ಹೋಗುವ ಮನಸ್ಸಿಲ್ಲ. ಆದರೂ ಕಾಲು ತಾನಾಗಿ ಪಾರ್ಕಿಂಗಿಗೆ ಇಳಿಯಿತು. ಫ್ಲಾಸ್ಕು ಹಿಡಿದು ಹೆಂಡತಿಯೂ ಬಂದು ಹಿಂದಿನ ಸೀಟಿನಲ್ಲಿ ಕೂತಳು. ನಾನು ಕೀಲಿ ತಿರುಗಿಸಿ, ನನ್ನ ಬಾಗಿಲು ತೆರೆದಿಟ್ಟುಕೊಂಡೇ, ಪಕ್ಕದ ಖಾಲಿ ಜಾಗ ನೋಡದಂತೆ ಎದುರಿಗಿನ ಗೋಡೆ ನೋಡುತ್ತಿದ್ದೆ. ಆಗ ಕಾರಿನ ನಾಲ್ಕೂ ಮೂಲೆಯಿಂದ ಫೋನು ರಿಂಗಾಯಿತು. ನನ್ನ ಜೇಬಿನ ಫೋನನ್ನು ಮಗಳು ಆ ಯಂತ್ರಕ್ಕೆ ಜೋಡಿಸಿಟ್ಟಿದ್ದು ಮರೆತೇಹೋಗಿತ್ತು. ಹೇಗೋ ಒತ್ತಿದೆ.

"ಅಪ್ಪ."

ಅವಳ ಧ್ವನಿ ಸೀಟಿನ ಕೆಳಗಿಂದ, ಬೆನ್ನ ಹಿಂದಿನಿಂದ, ಪಕ್ಕದಲ್ಲೇ ಕಾಲು ಮಡಚಿ ಕೂತಿದ್ದಾಳೇನೋ ಎನ್ನುವಷ್ಟು ಹತ್ತಿರದಿಂದ ಬಂತು.

"ಕಾರಲ್ಲಿ ಇದೀಯ ತಾನೆ? ಎಲ್ಲ ಬಾಗಿಲೂ ಹಾಕಾಯ್ತಾ?" ಎಂದಳು.

ಇಷ್ಟು ವರ್ಷ ನಾನು ಕೇಳುತ್ತಿದ್ದುದನ್ನು ಅವಳು ಕೇಳಿದಳು. ಖುಷಿಯಿಂದ ಬಾಗಿಲು ಎಳೆದು ಬಡಿದೆ. "ಹಾಕಾಯ್ತು ಮರಿ! ಹೇಗಿದೀಯ?" ಎಂದೆ.

ಉತ್ತರವಿಲ್ಲ. "ಹಲೋ? ಮರಿ? ಕೇಳಿಸ್ತಾ ಇದೆಯಾ?" ಎಂದು ಕೂಗಿದೆ. ನಿಶ್ಶಬ್ದ. ಲೈನು ಹೋಯಿತೆಂದು ಸಿಟ್ಟಿನಿಂದ ಬಾಗಿಲು ತಳ್ಳಿ ಹೊರಗೆ ಕಾಲಿಟ್ಟೆ. "...ಕೇಳ್ತಾ ಇದೆ ಅಪ್ಪ, ಯಾಕೆ ಕಿರುಚ್ತೀಯ?" ಎಂದಿತು ಕಾರು. ಗಾಬರಿಯಾಗಿ ಒಳಗೆ ಕೂತು ಬಾಗಿಲು ಬಡಿದೆ. ಮತ್ತೆ ಅವಳಿಲ್ಲ.

ಆಗ ಹೊಳೆಯಿತು. ಹಾಡು ಬರುವುದೂ ಅವಳು ಬರುವುದೂ ಒಂದೇ ಸ್ಪೀಕರಿನಿಂದ. ಹಾಡಿನ ಬಾಯಿ ಕಟ್ಟುತ್ತೇನೆಂದು ಹೋಗಿ ಮಗಳ ಬಾಯಿ ಕಟ್ಟಿದ್ದೆ. ಮೈಕಿಗೆ ಮಾತ್ರ ನನ್ನ ವೈರಿನ ಕಾಟವಿರಲಿಲ್ಲ, ನನ್ನ ಕೂಗೆಲ್ಲ ಅವಳಿಗೆ ಮುಟ್ಟುತ್ತಿತ್ತು. ಜೀವಮಾನವಿಡೀ ವೈರು ಹೆಣೆದವನು, ನಾನೇ ತೋಡಿದ ಹಳ್ಳಕ್ಕೆ ನಾನೇ ಬಿದ್ದೆ. ಹಿಂದಿನ ಸೀಟಿಗೆ ತಿರುಗಿ ಹೆಂಡತಿಯೆದುರು ತಪ್ಪೊಪ್ಪಿಕೊಂಡೆ. ಅವಳು ಕಾಫಿ ಚೆಲ್ಲುವಷ್ಟು ನಕ್ಕಳು. "ನೀವು ಹೇಳೋದು ಅವಳಿಗೆ ಕೇಳುತ್ತೆ, ಅವಳು ಹೇಳೋದು ನಿಮಗೆ ಕೇಳಲ್ಲ. ಇದಕ್ಕೆ ವೈರಿಂಗ್ ಬೇರೆ ಬೇಕಿತ್ತೇನ್ರೀ?"

ಬಾಗಿಲು ತೆಗೆದೆ.

"ಅಪ್ಪ, ಅಮ್ಮಂಗೆ ಹೇಳಿದ್ದು ಎಲ್ಲ ಕೇಳಿಸ್ತು" ಎಂದಳು ಮಗಳು. ನಗುತ್ತಿರಲಿಲ್ಲ. "ಲೂಸ್ ಕನೆಕ್ಷನ್ ನೀನಾ?"

"ನಾನೇ ಕಣೇ. ಹಾಡು ಬಂದರೆ ನೀನು ಮಾತಾಡಲ್ಲ ಅಂತ ಹೆದರಿಕೆ ಆಯ್ತು."

ಅವಳು ಒಂದೊಂದೇ ಮಾತು ಹುಡುಕಿ ಹುಡುಕಿ ಹೇಳಿದಳು. "ನಾನು ಅದು ಹಾಡಿಗೆ ಹಾಕ್ಸಿದ್ದು ಅಲ್ಲ ಅಪ್ಪ. ನಾನು ಹೋದ್ಮೇಲೆ ಸಂಡೇ ನೀನು ಆ ಕಾರಲ್ಲಿ ಸುಮ್ನೆ ಗೋಡೆ ನೋಡ್ಕೊಂಡು ಕೂತಿರ್ತೀಯ ಅಂತ ಗೊತ್ತಿತ್ತು. ಅದಕ್ಕೇ ಹಾಕ್ಸಿದ್ದು. ಮೈಕ್ ಅದಕ್ಕೇ ಅಲ್ಲಿ."

ನಾನು ಗೋಡೆಯಿಂದ ಕಣ್ಣು ಕಿತ್ತು ಚಾವಣಿಯ ಆ ಪುಟ್ಟ ಮೈಕು ನೋಡಿದೆ. ಕಣ್ಣು ತುಂಬಿ ಬಂದು ಅದು ಸರಿಯಾಗಿ ಕಾಣಲಿಲ್ಲ.

"ನೀನು ಎಲ್ಲಿಂದ ಮಾತಾಡ್ತಿದೀಯ?" ಎಂದು ಹಿಂದಿನಿಂದ ಹೆಂಡತಿ ಕೇಳಿದಳು.

"ಇಲ್ಲೇ ಕೆಳಗೆ ಪಾರ್ಕಿಂಗಲ್ಲಿ ಅಮ್ಮ. ಇವರ ಕಾರಲ್ಲಿ. ನಾಲ್ಕೂ ಬಾಗಿಲು ಹಾಕೊಂಡಿದೀನಿ. ನಂಗೆ ತುಂಬ ಸಿಟ್ಟು ಬಂದಿದೆ, ಹೇಳ್ಲಾ?"

ಹೇಳಿದಳು. ಅವರ ಮನೆಯ ಚಹಾಕ್ಕೆ ಹಾಕುವ ಸಕ್ಕರೆಯಿಂದ ಹಿಡಿದು ಬೆಳಿಗ್ಗೆ ಬಾತ್‌ರೂಮಿಗೆ ಕಾಯುವ ತನಕ, ತನ್ನ ಕುಂಟು ಕನ್ನಡದಲ್ಲಿ, ಏನನ್ನೂ ಮುಚ್ಚಿಡದೆ. ನಮ್ಮ ಬಾಗಿಲು ತೆರೆದೇ ಇದ್ದುದರಿಂದ ಅವಳ ಸಿಟ್ಟು ಪಾರ್ಕಿಂಗಿನ ಕಂಬಗಳಿಗೆಲ್ಲ ಕೇಳಿಸಿತು. ತರಕಾರಿ ಚೀಲ ಹಿಡಿದು ಹೋಗುತ್ತಿದ್ದ ಮೇಲಿನ ಮನೆಯವರು ನಿಂತು ನೋಡಿದರು. ಗಾರ್ಡು ಬಗ್ಗಿ, "ಬಿಟಿಯಾ ಹೈ ಕ್ಯಾ?" ಎಂದ, ಮಗಳಾ ಅಂತ. ಕಾರೊಳಗಿಂದ, "ಚೆನ್ನಾಗಿದೀನಿ ಭಯ್ಯಾ" ಎಂದು ಉತ್ತರ ಬಂತು. ಅವನು ತಲೆಯಾಡಿಸಿ ಹೋದ, ಅರ್ಥವಾದವನ ಹಾಗೆ.

ಆ ವೈರನ್ನು ಬಿಚ್ಚಿ ಮೊದಲಿನ ಹಾಗೆ ಮಾಡಲು ನನಗೆ ಒಂದು ಕಾಫಿ ಕುಡಿಯುವಷ್ಟು ಹೊತ್ತು ಸಾಕು. ಮಾಡಿಲ್ಲ. ಉಸ್ತಾದ್ ಎರಡು ಸಲ ಫೋನು ಮಾಡಿ ನೆನಪಿಸಿದ. ಹೆಂಡತಿ ಧಾರಾವಾಹಿಯನ್ನೂ ಒಂದು ಬಾಗಿಲು ತೆರೆದಿಟ್ಟೇ ನೋಡುತ್ತಾಳೆ, ಸೊಳ್ಳೆ ಕಡಿದರೆ ನನ್ನನ್ನು ಬೈಯುತ್ತಾಳೆ. ಭಾನುವಾರ ಕಾಫಿ ಹೊತ್ತಿಗೆ ಕಾರು ರಿಂಗಾಗುತ್ತದೆ. ಮಗಳು ಈಗ ಹಳೆಯ ಪ್ರಶ್ನೆ ಕೇಳುವುದಿಲ್ಲ.

"ಅಪ್ಪ, ಬಾಗಿಲು ತೆಗೆದಿದೀಯಾ?" ಎನ್ನುತ್ತಾಳೆ.

"ತೆಗೆದಿದೀನಿ ಮರಿ, ಮಾತಾಡು" ಎನ್ನುತ್ತೇನೆ.